ವೆಂಡೆಲ್ಲನ ಒಂದು ಸುತ್ತು

ಶನಿವಾರ ಬೆಳಿಗ್ಗೆ ಚರ್ಚಿನ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ ಮೊಳಗಿತು. ಥರ್ಲೋ ಅಜ್ಜ ನಸುಕಿನಲ್ಲಿ ತೀರಿಕೊಂಡರೆಂಬ ಸುದ್ದಿ ನಮ್ಮ ಪಾಟರ್ಸ್ ಹಾಲೋ ಊರಿಗೆಲ್ಲ ತಿಳಿದದ್ದು ಹಾಗೆ. ಆಗ ವೆಂಡೆಲ್ ಪ್ರೂಯಿಟ್ ತಾನು ಕೆಲಸಕ್ಕಿದ್ದ ಕಬ್ಬಿಣದ ಸಾಮಾನಿನ ಅಂಗಡಿಯ ಬಾಗಿಲು ತೆರೆಯುತ್ತಿದ್ದ. ಬೀಗ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಅವನಿಗೆ ದುಃಖದ ಜೊತೆಗೆ ಭಯವೂ ಆಯಿತು. ಮೊನ್ನೆಯಷ್ಟೇ ಅಜ್ಜನ ಹಾಸಿಗೆಯ ಪಕ್ಕ ಕುಳಿತು ಅವನೊಂದು ಮಾತು ಕೊಟ್ಟಿದ್ದ. "ಈ ಶನಿವಾರ ಒಂದು ಸುತ್ತು ಪೂರಾ ಓಡ್ತೀನಿ ಅಜ್ಜ. ನೋಡ್ತಾ ಇರಿ." ಅಜ್ಜ ಅವನ ಕೈ ಅದುಮಿ ನಕ್ಕಿದ್ದರು.

ಥರ್ಲೋ ಅಜ್ಜ ಊರಿನ ನಲ್ಲಿಗಳನ್ನು ರಿಪೇರಿ ಮಾಡಿ ಬದುಕಿದವರು. ನಮ್ಮ ಮುತ್ತಾತಂದಿರ ಕಾಲದಲ್ಲಿ ಹುಲ್ಲುಗಾವಲುಗಳಲ್ಲಿ ಆಡುತ್ತಿದ್ದ ಹಳೆಯ ಬೇಸ್‌ಬಾಲನ್ನು ಹುಡುಕಿ ತೆಗೆದು ಮತ್ತೆ ಬದುಕಿಸಿದವರು ಅವರೇ. ಕೈಗವಸಿಲ್ಲ, ಶಿರಸ್ತ್ರಾಣವಿಲ್ಲ. ನಾಲ್ಕು ಗೂಟ, ಒಂದು ದೊಣ್ಣೆ, ಒಂದು ಮೆತ್ತನೆಯ ತೊಗಲಿನ ಚೆಂಡು. ನಾಲ್ಕೂ ಗೂಟ ಮುಟ್ಟಿದರೆ ಒಂದು ಸುತ್ತು. ಹೊಡೆದ ಚೆಂಡನ್ನು ಹಿಡಿದರೆ, ಇಲ್ಲವೆ ಓಡುವವನನ್ನು ಲಗೋರಿಯ ಹಾಗೆ ಚೆಂಡಿನಿಂದ ಹೊಡೆದರೆ ಔಟು. ಒಬ್ಬ ಔಟಾದರೆ ಇಡೀ ತಂಡದ ಪಾಳಿ ಮುಗಿಯಿತು. ಇನ್ನೊಂದು ನಿಯಮವನ್ನು ಅಜ್ಜನೇ ಬಿಗಿಯಾಗಿ ಕಟ್ಟಿದ್ದರು. ತೀರ್ಪುಗಾರನಿಗೆ ಕಾಣದೆ ಹೋದದ್ದನ್ನು ಆಟಗಾರನನ್ನೇ ಕೇಳಬೇಕು. ಅವನು ಹೇಳಿದ್ದೇ ಕೊನೆ. ಅದನ್ನು ಬೇರೆಯವರು ಬದಲಿಸುವಂತಿಲ್ಲ, ಹೇಳಿದವನೂ ಬದಲಿಸುವಂತಿಲ್ಲ.

ಮೊದಲು ಊರೇ ನಕ್ಕಿತು. ಆಮೇಲೆ ಬ್ಯಾಂಕಿನವರು, ಹಾಲಿನವರು, ಶಾಲೆಯ ಟೀಚರು ಎಲ್ಲರೂ ಉಣ್ಣೆಯ ಷರಾಯಿ ಹೊಲಿಸಿಕೊಂಡು ಬಂದರು. ಬೇಲಿಗಾಗಿ ಜಗಳವಾಡಿ ಮಾತು ಬಿಟ್ಟವರು ಒಂದೇ ಬೆಂಚಿನಲ್ಲಿ ಕುಳಿತು ನಿಂಬೆಯ ಪಾನಕ ಕುಡಿದರು. ಮನೆಯಲ್ಲಿ ಹೆಂಡತಿಗೂ ನಿಜ ಹೇಳದವರು ಆ ಹುಲ್ಲಿನ ಮೇಲೆ ನಿಂತರೆ ನಿಜವನ್ನೇ ಹೇಳುತ್ತಿದ್ದರು. ಚರ್ಚಿನ ಪ್ರಸಂಗಪೀಠದಿಂದ ಆಗದ ಕೆಲಸವನ್ನು ದೇವರು ಒಂದು ದೊಣ್ಣೆಯಿಂದ ಮಾಡಿಸಿದ್ದ.

ಇಷ್ಟು ವರ್ಷಗಳಲ್ಲಿ ಒಂದು ಸುತ್ತನ್ನೂ ಪೂರೈಸದವನು ವೆಂಡೆಲ್ ಒಬ್ಬನೇ. ಅವನು ಓಡಿದರೆ ಬಿರುಗಾಳಿಗೆ ಸಿಕ್ಕಿದ ಛತ್ರಿಯ ಹಾಗೆ ಕಾಣುತ್ತಿದ್ದ. ನೊಣ ಬೆಲ್ಲವನ್ನು ಹುಡುಕುವಂತೆ ಚೆಂಡು ಅವನ ಬೆನ್ನನ್ನು ಹುಡುಕಿಕೊಂಡು ಬರುತ್ತಿತ್ತು.

ಇವತ್ತು ಆಟ ನಿಲ್ಲಿಸೋಣವೇ ಎಂದು ಕೇಳಲು ಎಲ್ಲರೂ ಅಜ್ಜನ ಹೆಂಡತಿ ಲೊರೇನಾ ಅಜ್ಜಿಯ ಬಳಿ ಹೋದರು.

"ನಿಲ್ಸಿದ್ರೆ ಎದ್ದು ಬಂದು ಬೈತಾರೆ," ಎಂದರು ಅಜ್ಜಿ ಕಣ್ಣೊರೆಸಿಕೊಂಡು. "ಆಡ್ರಪ್ಪ. ದೊಡ್ಡೋರು ದೊಣ್ಣೆ ಹಿಡ್ಕೊಂಡು ಓಡೋದನ್ನ ನೋಡೋಕೆ ನಂಗೇನು ಬೇರೆ ಕೆಲ್ಸ ಇಲ್ವಾ ಅಂತ ಅವ್ರಿರೋವರ್ಗೂ ಬರ್ಲಿಲ್ಲ. ಇವತ್ತು ಬರ್ತೀನಿ."

ವೆಂಡೆಲ್ ಮಾಡಿದ ತಪ್ಪೆಂದರೆ, ತಾನು ಕೊಟ್ಟ ಮಾತಿನ ವಿಷಯವನ್ನು ಬೇಕರಿಯ ಡಾಟಿಗೆ ಹೇಳಿದ್ದು. ಡಾಟಿ ಒಳ್ಳೆಯ ಹೆಂಗಸು. ಆದರೆ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದು ಒಲೆಯ ಮೇಲಿಟ್ಟ ಬೆಣ್ಣೆ ನಿಂತ ಹಾಗೆ. ಮಧ್ಯಾಹ್ನದೊಳಗೆ ಅವಳು ಹೊಳೆ ದಾಟಿ, ಆಚೆ ಊರಿನ ಎದುರು ತಂಡದ ನಾಯಕ ಗಸ್ ಲಿಂಡ್‌ಕ್ವಿಸ್ಟನ ಮನೆಗೆ ದೊಡ್ಡದೊಂದು ಆಪಲ್ ಪೈ ಮುಟ್ಟಿಸಿ ಬಂದಳು.

ಆಟ ಶುರುವಾಯಿತು. ಲೊರೇನಾ ಅಜ್ಜಿಗೆ ಮೂರನೆಯ ಗೂಟದ ಹತ್ತಿರ ಕುರ್ಚಿ ಹಾಕಿದ್ದರು. ಅಜ್ಜನ ಎತ್ತರದ ಟೋಪಿ ಹಾಕಿಕೊಂಡು ಪಾದ್ರಿ ಏಮಸ್ ತೀರ್ಪಿಗೆ ನಿಂತರು. ಟೋಪಿ ದೊಡ್ಡದಾಗಿ ಆಗಾಗ ಕಣ್ಣಿನ ಮೇಲೆ ಇಳಿಯುತ್ತಿತ್ತು.

ವೆಂಡೆಲ್ ದೊಣ್ಣೆ ಬೀಸಿದ. ಚೆಂಡು ಸೋಮಾರಿಯ ಹಾಗೆ ಮೇಲೆದ್ದು ನೇರ ಗಸ್‌ನ ಅಂಗೈಗೆ ಬಿತ್ತು. ಗಸ್ ಅದನ್ನು ಹಿಡಿದ, ನೋಡಿದ, ಆಮೇಲೆ ಬಿಸಿ ಆಲೂಗಡ್ಡೆ ಸಿಕ್ಕವನಂತೆ ಕೆಳಗೆ ಹಾಕಿ ತಾನೂ ಮಗುಚಿ ಬಿದ್ದ. ಇನ್ನೊಬ್ಬ ಅದನ್ನೆತ್ತಿ ಆಕಾಶಕ್ಕೆ ಎಸೆದ. ಮೂರನೆಯ ಗೂಟದ ಬಳಿ ವೆಂಡೆಲ್ ನಿಂತುಬಿಟ್ಟ.

"ಗಸ್, ಚೆಂಡು ನಿನ್ ಕೈಯಲ್ಲೇ ಇತ್ತಲ್ಲೇನಯ್ಯಾ?"

"ಜಾರಿಹೋಯ್ತು ಮಾರಾಯ. ಓಡು, ಓಡು."

"ಮೀಸೇಲಿ ಪೈ ಚೂರು ಅಂಟಿಸ್ಕೊಂಡು ಸುಳ್ಳು ಹೇಳ್ಬೇಡ. ಪಾದ್ರಿಗಳೇ, ಅವ್ನು ಹಿಡಿದ. ನಾನು ಔಟು."

ಪಾದ್ರಿ ಟೋಪಿ ಮೇಲೆತ್ತಿದರು. "ನಂಗೆ ಕಾಣ್ಲಿಲ್ಲಪ್ಪ. ಆಟಗಾರನ ಮಾತೇ ಕೊನೆ. ಔಟು."

"ನಿಂಗೆ ತಲೆ ಸರಿ ಇದ್ಯೇನೋ?" ಡಾಟಿ ಕೂಗಿದಳು. "ಮೂರು ಬಟ್ಟಲು ಸಕ್ರೆ ದಂಡ ಮಾಡ್ದೆ!"

"ಅಜ್ಜಂಗೆ ಕೊಟ್ಟ ಮಾತನ್ನ ಪೈ ತಿನ್ಸಿ ತೀರ್ಸೋಕಾಗುತ್ತೇನಕ್ಕ?"

ಗಸ್ ಎದ್ದು ಬಂದು ಟೋಪಿ ತೆಗೆದ. "ತಪ್ಪಾಯ್ತು. ಇನ್ಮೇಲೆ ನಿಜವಾಗ್ಲೂ ಆಡ್ತೀವಿ. ಬೆನ್ನು ಜೋಪಾನ ಕಣೋ."

ಅವನು ನುಡಿದಂತೆ ನಡೆದ. ಮುಂದಿನ ಪಾಳಿಯಲ್ಲಿ ಚೆಂಡು ವೆಂಡೆಲ್ಲನ ಸೊಂಟಕ್ಕೆ ಬಿತ್ತು, ಅದರ ಮುಂದಿನದರಲ್ಲಿ ಕಿವಿಗೆ. ಕಿವಿ ಬೇಯಿಸಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಪಾಳಿ ಬಂತು. ಎದುರಿನವರು ಒಂದು ಸುತ್ತು ಮುಂದಿದ್ದರು. ವೆಂಡೆಲ್ ಕಣ್ಣು ಮುಚ್ಚಿ, ಬಹುಶಃ ಪ್ರಾರ್ಥನೆಯನ್ನೂ ಮಾಡಿ, ದೊಣ್ಣೆ ಬೀಸಿದ. ಠಪ್ಪೆಂದಿತು. ಚೆಂಡು ಹಾರಿ ತೋಡಿನ ಜೊಂಡಿನೊಳಗೆ ಬಿತ್ತು!

ಛತ್ರಿ ಓಡತೊಡಗಿತು. ಮೊದಲ ಗೂಟ. ಎರಡನೆಯ ಗೂಟ. ಅಲ್ಲಿ ಷರಾಯಿಯ ಗುಂಡಿ ಕಿತ್ತುಹೋಯಿತು. ಒಂದು ಕೈಯಲ್ಲಿ ಷರಾಯಿ ಹಿಡಿದುಕೊಂಡು ಮೂರನೆಯ ಗೂಟವನ್ನೂ ಮುಟ್ಟಿದ.

"ಗಸ್ ಕೈಗೆ ಚೆಂಡು ಬಂತು! ಓಡೋ! ತಿರುಗಿ ನೋಡ್ಬೇಡ್ವೋ!" ಊರೆಲ್ಲ ಎದ್ದು ನಿಂತು ಕಿರುಚಿತು.

ನಾಲ್ಕನೆಯ ಗೂಟ ಇನ್ನೇನು ಕೈಗೆ ಸಿಗಬೇಕು, ಬೆನ್ನಿಗೆ ಧಡ್ಡೆಂದು ಏನೋ ಬಿತ್ತು. ಮರುಕ್ಷಣ ಅವನು ಗೂಟವನ್ನು ತಬ್ಬಿಕೊಂಡಿದ್ದ. ಟೋಪಿಗಳು ಹಾರಿದವು. ಡಾಟಿ ಅಳುತ್ತಿದ್ದಳು. ಎಲ್ಲರ ಕಣ್ಣೂ ಗೂಟದ ಮೇಲಿದ್ದುದರಿಂದ ಬೆನ್ನನ್ನು ಯಾರೂ ನೋಡಿರಲಿಲ್ಲ. ಪಾದ್ರಿಗಳಂತೂ ಟೋಪಿಯೊಳಗಿದ್ದರು.

"ವೆಂಡೆಲ್, ಗೂಟ ಮುಟ್ಟೋಕೆ ಮುಂಚೆ ಚೆಂಡು ತಾಕಿತೇನಪ್ಪ?"

ಗದ್ದಲ ನಿಂತಿತು. ಇಲ್ಲವೆಂದರೆ ಮುಗಿಯಿತು, ಕೇಳುವವರಿಲ್ಲ. ವೆಂಡೆಲ್ ಗೂಟಕ್ಕೆ ಹಣೆ ಒತ್ತಿಕೊಂಡು ನಿಂತ. ಆಮೇಲೆ ತಲೆಯೆತ್ತಿದ.

"ತಾಕಿತು ಪಾದ್ರಿಗಳೇ. ಬೆನ್ನಿಗೆ. ನಾನು ಔಟು."

"ಔಟು," ಎಂದರು ಪಾದ್ರಿ.

ಆಟ ಮುಗಿಯಿತು. ಆದರೆ ಒಬ್ಬರೂ ಬೈಯಲಿಲ್ಲ. ಎರಡೂ ಊರಿನವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ರಾಜನ ಮುಂದೆಯೂ ನಮ್ಮವರು ಹಾಗೆ ನಿಂತಾರೆಂದು ತೋರುವುದಿಲ್ಲ.

ಆಗ ದೂರದ ಹುಲ್ಲಿನಲ್ಲಿ ಮಂಡಿಯೂರಿದ್ದ ಗಸ್‌ನ ದನಿ ಕೇಳಿಸಿತು. "ಯಾಕ್ರೋ ಎಲ್ರೂ ಸುಮ್ನಾದ್ರಿ? ಯಾರಿಗಾದ್ರೂ ಚೆಂಡು ಸಿಕ್ತಾ? ನೆನೆದಿತ್ತು, ಎಸೆಯೋಕೆ ಕೈ ಎತ್ತಿದ್ರೆ ಹಿಂದಕ್ಕೆ ಜಾರಿಹೋಯ್ತು. ಈ ಸಲ ದೇವರಾಣೆಗೂ ನಿಜ!"

"ಹಾಗಾದ್ರೆ ನಂಗೆ ಬಿದ್ದದ್ದೇನು?" ಎಂದು ವೆಂಡೆಲ್ ತಿರುಗಿದ.

ಅವನ ಹಿಂದೆ ಹುಲ್ಲಿನಲ್ಲಿ ಒಂದು ಕಪ್ಪು ಬೂಟು ಬಿದ್ದಿತ್ತು. ಅದರಾಚೆ ಲೊರೇನಾ ಅಜ್ಜಿ ಕುರ್ಚಿ ಹಿಡಿದುಕೊಂಡು ಒಂಟಿಕಾಲಲ್ಲಿ ನಿಂತಿದ್ದರು.

"ನಂದೇ ಕಣಪ್ಪ," ಎಂದರು ಅಜ್ಜಿ, ಮುಖ ಕೆಂಪಗೆ ಮಾಡಿಕೊಂಡು. "ಬೆಳಿಗ್ಗೆಯಿಂದ ನಿಂತು ಕಾಲು ಊದಿತ್ತು, ಬೂಟಿನ ಪಟ್ಟಿ ಬಿಚ್ಚಿದ್ದೆ. ನೀನು ಬರೋದು ನೋಡಿ ತಡ್ಕೊಳ್ಳೋಕಾಗ್ಲಿಲ್ಲ, ಕುಣಿದುಬಿಟ್ಟೆ. ಅದು ಹಾರಿಹೋಯ್ತು."

"ಬೂಟು ತಾಕಿದ್ರೆ ಔಟಲ್ಲ!" ಡಾಟಿ ಮೈದಾನಕ್ಕೇ ನುಗ್ಗಿದಳು. "ಪಾದ್ರಿಗಳೇ, ತೀರ್ಪು ಬದಲಾಯ್ಸಿ!"

ಪಾದ್ರಿಗಳಿಗೂ ಮನಸ್ಸಿತ್ತು. ಗಸ್ ಕೂಡ ಆಗಲೆಂದು ತಲೆಯಾಡಿಸಿದ. ವೆಂಡೆಲ್ ಗೂಟವನ್ನೊಮ್ಮೆ ನೋಡಿದ.

"ಬೇಡ ಪಾದ್ರಿಗಳೇ. ಔಟು ಅಂತ ನಾನೇ ಬಾಯಿಬಿಟ್ಟು ಹೇಳ್ದೆ. ಅಜ್ಜ ಕಟ್ಟಿದ ನಿಯಮಾನ ಅಜ್ಜ ಹೋದ ದಿನವೇ ಮುರೀಲಾ?"

ಲೊರೇನಾ ಅಜ್ಜಿ ನಕ್ಕರು. ಆ ದಿನದ ಮೊದಲ ನಗು. ನಗುನಗುತ್ತಲೇ ಅತ್ತರು. ವೆಂಡೆಲ್ ಮಂಡಿಯೂರಿ ಅವರಿಗೆ ಬೂಟು ತೊಡಿಸಹೋದ. ಒಂದು ಕೈ ಷರಾಯಿಗೇ ಬೇಕಾಗಿದ್ದರಿಂದ ಪಟ್ಟಿಯನ್ನು ಗಸ್ ಕಟ್ಟಿಕೊಟ್ಟ.

ಪಾದ್ರಿ ಎತ್ತರದ ಟೋಪಿಯನ್ನು ತೆಗೆದು ಎದೆಗೆ ಹಿಡಿದರು. ಎಲ್ಲರೂ ತಲೆ ಬಾಗಿಸಿದರು.

"ಪ್ರಭುವೇ, ನಮ್ಮ ಎಲ್ಬ್ರಿಜ್ ಥರ್ಲೋ ತನ್ನ ಸುತ್ತು ಮುಗಿಸಿ ನಿನ್ನ ಬಾಗಿಲಿಗೆ ಬಂದಿದ್ದಾನೆ. ಅವನ ತಪ್ಪುಗಳೇನಾದರೂ ನಿನ್ನ ಕಣ್ಣಿಗೆ ಬೀಳದೆ ಹೋಗಿದ್ದರೆ ಅವನನ್ನು ಕೇಳಬೇಡ. ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾನೆ. ಸುಮ್ಮನೆ ಕೈಹಿಡಿದು ಒಳಗೆ ಕರೆದುಕೋ. ದಣಿದಿದ್ದಾನೆ, ನೆರಳಿನಲ್ಲಿ ಕೂರಿಸು. ಅವನ ಆತ್ಮಕ್ಕೆ ನಿನ್ನ ಶಾಂತಿಯನ್ನು ಕೊಡು. ಆಮೆನ್."