ಹಲಾಕೆಯ ಗಂಟಲು

ಬೇಸಿಗೆ ಬಲಿತಿತ್ತು. ಮುತ್ತಜ್ಜಂದಿರು ತೋಡಿದ ಬಾವಿಯೊಳಗೆ ಎಂಟು ಜನ ಒಬ್ಬರ ಮೇಲೊಬ್ಬರಂತೆ ಮೆಟ್ಟಿಲು ಹಿಡಿದು ನಿಂತು, ಹಾಡಿನ ಲಯಕ್ಕೆ ತೊಗಲ ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಬಾವಿಯ ಬಾಯಲ್ಲಿ, ದನ ಕುಡಿಯಲೆಂದು ಮಣ್ಣು ಮೆತ್ತಿ ಕಟ್ಟಿದ ಉದ್ದನೆಯ ಬಾನಿ ತುಂಬಿತ್ತು. ದನಗಾಹಿ ಹಲಾಕೆಯ ನಲವತ್ತು ದನಗಳು ಮಾತ್ರ ಬಾನಿಗೆ ಇಳಿಯುವ ಇಳಿಜಾರಿನ ತಲೆಯಲ್ಲೇ ನಿಂತಿದ್ದವು.

ಪೂರ್ವ ಆಫ್ರಿಕಾದ ಬೋರನರ ದನ ತನ್ನ ಯಜಮಾನನ ಹಾಡು ಕೇಳದೆ ಬಾನಿಗೆ ಇಳಿಯುವುದಿಲ್ಲ. ಬೆಳಗಿನ ಜಾವ ಕತ್ತೆಕಿರುಬವನ್ನು ಓಡಿಸಲು ಕೂಗಿ ಕೂಗಿ ಹಲಾಕೆಯ ಗಂಟಲು ಕಟ್ಟಿತ್ತು. ಬಾಯಿ ತೆರೆದರೆ ತೂತುಬಿದ್ದ ತಿದಿಯಂತೆ ಬರೀ ಗಾಳಿ.

ಸರದಿ ನೋಡುವ ಮುದುಕ ಬೊನಾಯ ಕೋಲು ಕುಟ್ಟಿದ. "ನೆರಳು ಈ ಕಲ್ಲು ಮುಟ್ಟೋವರೆಗೆ ನಿಂದು. ಆಮೇಲೆ ಸೋರಾಂದು. ತಪ್ಪಿತೋ, ಇನ್ನು ಮೂರು ದಿನ ಕಾಯಿ."

ಆಗಲೇ ಮೂರು ದಿನ ನೀರು ಕಾಣದ ದನ. ಇನ್ನು ಮೂರು ದಿನವೆಂದರೆ ಅರ್ಧ ಮಂದೆ ಮಣ್ಣುಪಾಲು. ಏನಾದರಾಗಲಿ, ಇವತ್ತು ಕುಡಿಸಿಯೇ ತೀರುವುದೆಂದು ಹಲಾಕೆ ಹಲ್ಲು ಕಚ್ಚಿದ.

"ಬೆಣ್ಣೇಲಿ ಹುರಿದ ಕಾಫಿಬೀಜ ತಿನ್ನು, ಗಂಟಲು ಬಿಡುತ್ತೆ" ಎಂದು ಬಾವಿಯೊಳಗಿಂದ ಯಾರೋ ಕೂಗಿದರು. ತಿಂದ. ಗಂಟಲು ಬಿಡಲಿಲ್ಲ, ಬಿಕ್ಕಳಿಕೆ ಹಿಡಿಯಿತು.

"ಬಿಡಣ್ಣ, ನಿನ್ನ ಹಾಗೇ ನಾನು ಹಾಡ್ತೀನಿ" ಎಂದ ಸೋರಾ, ಮೂಗು ಹಿಡಿದು ರಾಗ ಎಳೆದ. ಹಲಾಕೆಯ ದನ ಕಿವಿಯನ್ನೂ ಆಡಿಸಲಿಲ್ಲ. ಸೋರಾನ ದನಗಳು ಮದುವೆಯೂಟಕ್ಕೆ ಬಂದ ನೆಂಟರಂತೆ ನುಗ್ಗಿ ಬಾನಿಗೆ ಬಾಯಿ ಹಾಕಿದವು.

ಕೋಲೆತ್ತಿಕೊಂಡು ಓಡಿದ ಹಲಾಕೆ, ಸಗಣಿಯ ಮೇಲೆ ಕಾಲಿಟ್ಟು ಜಾರಿ, ಬೆನ್ನಡಿಯಾಗಿ ಬಾನಿಯೊಳಕ್ಕೆ ಬಿದ್ದ. ಪಾತಾಳದ ನೀರು, ಮಂಜಿನಷ್ಟು ತಣ್ಣಗೆ.

"ಅಯ್ಯಯ್ಯಯ್ಯೋ!"

ಗಂಟಲು ಬಿಟ್ಟೇಬಿಟ್ಟಿತ್ತು. ಆ ಕೂಗಿಗೆ ನಲವತ್ತೂ ದನ ದಡದಡನೆ ಇಳಿದು, ಸೋರಾನ ದನಗಳನ್ನು ಒತ್ತರಿಸಿ, ನೆರಳು ಕಲ್ಲು ಮುಟ್ಟುವುದರೊಳಗೆ ಹೊಟ್ಟೆತುಂಬ ಕುಡಿದವು.

"ಬಾನೀಲಿ ಕಾಲಿಟ್ಟೋನು ಅದನ್ನ ಮತ್ತೆ ಮೆತ್ತಿ ಕೊಡಬೇಕು" ಎಂದ ಬೊನಾಯ. ಹಲಾಕೆ ಎರಡು ದಿನ ಮಣ್ಣು ಹೊತ್ತು, ಕಲಸಿ, ಸಂತೋಷದಿಂದಲೇ ಮೆತ್ತಿದ.

ಮತ್ತೆ ಸರದಿ ಬಂತು. ಗಂಟಲೀಗ ಜೇನು. ಹೊಸ ಬಾನಿಯ ಪಕ್ಕ ನಿಂತು ಹಲಾಕೆ ಅಪ್ಪ ಕಲಿಸಿದ ಹಾಡನ್ನು ಮನಸಾರೆ ಹಾಡಿದ. ಎರಡು ಸಲ ಹಾಡಿದ. ನಲವತ್ತು ದನಗಳು ಇಳಿಜಾರಿನ ತಲೆಯಲ್ಲೇ ನಿಂತು, ಅವನನ್ನೊಮ್ಮೆ, ಬಾನಿಯನ್ನೊಮ್ಮೆ ನೋಡುತ್ತ ಕಾದವು.

ನೆರಳು ಕಲ್ಲಿನತ್ತ ಸರಿಯುತ್ತಿತ್ತು.

ಸೋರಾ ತೋಳು ಮಡಚಿಕೊಂಡ. "ಹಲಾಕಣ್ಣ, ನೀನೇ ಬೀಳ್ತೀಯೋ, ನಾವು ತಳ್ಳೋಣ್ವೋ?"

"ತಡೀರೋ" ಎಂದ ಬೊನಾಯ. "ಮೊದ್ಲು ಮಣ್ಣು ಕಲಸಿಡ್ಲಿ."