ಪದ್ಮಾಳ ಫೋನು, ನನ್ನ ಕಡತದ ಇಂಗ್ಲಿಷು

ಬಿಸಾಡುವ ವಿದ್ಯೆಯಲ್ಲಿ ನನ್ನಷ್ಟು ನುರಿತವರು ನಮ್ಮ ಅರೆಕೆರೆಯಲ್ಲಿ ಇನ್ನೊಬ್ಬರಿರಲಾರರು. ಜಂಬಕ್ಕೆ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ನಿವೃತ್ತನಾಗುವವರೆಗೂ ನಾನು ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿದ್ದೆ. ವರ್ಷಕ್ಕೊಮ್ಮೆ ಹಳೆಯ ಕಡತಗಳನ್ನು ಹೊರಗೆಳೆದು, ಯಾವುದನ್ನು ಉಳಿಸಬೇಕು, ಯಾವುದನ್ನು ನಾಶಪಡಿಸಬೇಕು ಎಂದು ವಿಂಗಡಿಸುವುದು ನನ್ನ ಕೆಲಸ. ಒಂದೊಂದನ್ನೂ ಓದುತ್ತ ಕೂರಲು ಪುರುಸೊತ್ತೆಲ್ಲಿ? ಕೊನೆಯ ಹಾಳೆ ನೋಡುವುದು, ‘ಮುಂದಿನ ಕ್ರಮ ಅಗತ್ಯವಿಲ್ಲ’ ಎಂದಿದ್ದರೆ ಮೂಟೆಗೆ ಹಾಕುವುದು. ಸೀನುತ್ತ ಸೀನುತ್ತಲೇ ಒಂದು ಮಧ್ಯಾಹ್ನಕ್ಕೆ ಒಂದು ಬೀರು ಖಾಲಿ ಮಾಡುತ್ತಿದ್ದೆ. ಮೇಲಿನವರು ಭೇಷ್ ಎನ್ನುತ್ತಿದ್ದರು. ಅದೇ ಕೈಚಳಕವನ್ನು ಮನೆಯಲ್ಲೂ ತೋರಿಸಿದ್ದೇ ಎಡವಟ್ಟಾಯಿತು.

ನನ್ನ ಹೆಂಡತಿ ಪದ್ಮಾ ಇದುವರೆಗೆ ಬಳಸಿದ್ದೆಲ್ಲ ನಾನು ಬಳಸಿ ಬಿಟ್ಟ ಫೋನುಗಳೇ. ಕಳೆದ ವರ್ಷ ಒಂದು ದಿನ, ‘ಇದ್ರಲ್ಲಿ ಫೋಟೋನೇ ತೆಗೆಯಕ್ಕಾಗ್ತಿಲ್ಲ ಕಣ್ರೀ’ ಎಂದು ತಂದು ಕೊಟ್ಟಳು. ‘ಸ್ಟೋರೇಜ್ ಫುಲ್ ಆಗಿದೆ’ ಎಂದು ಡಾಕ್ಟರ ಗತ್ತಿನಲ್ಲಿ ಹೇಳಿ, ಕನ್ನಡಕ ಏರಿಸಿ ಕೂತೆ. ಮಂಡ್ಯದಲ್ಲಿರುವ ಅವಳ ಅಕ್ಕ, ಲಲಿತಕ್ಕ, ದಿನಾ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳು ರಾಶಿ ಬಿದ್ದಿದ್ದವು. ಎರಡನ್ನು ಅರ್ಧರ್ಧ ಕೇಳಿದೆ. ಒಂದರಲ್ಲಿ ಬಸ್ಸಾರಿಗೆ ಉಪ್ಪು ಹೆಚ್ಚಾದ ಕಥೆ, ಇನ್ನೊಂದರಲ್ಲಿ ಪಕ್ಕದ ಮನೆಯವರ ಮೇಲೆ ದೂರು. ಕ್ರಮ ಅಗತ್ಯವಿಲ್ಲ ಎನ್ನಿಸಿತು. ಅಷ್ಟನ್ನೂ ಅಳಿಸಿ, ‘ನೋಡು, ಎಷ್ಟು ಹಗುರಾಯ್ತು!’ ಎಂದು ಕೈಗಿತ್ತೆ.

ಆ ರಾಶಿಯ ನಡುವೆ ಲಲಿತಕ್ಕ ತಂಗಿಗೆ ಹೇಳಿಕೊಡುತ್ತಿದ್ದ ಹಸೆ ಹಾಡು, ಆರತಿ ಹಾಡುಗಳಿದ್ದವು. ಅವರ ತಾಯಿಯ ಬಾಯಿಂದ ಬಂದವು, ಯಾರೂ ಎಲ್ಲೂ ಬರೆದಿಟ್ಟವಲ್ಲ. ಲಲಿತಕ್ಕನ ಫೋನಿನಲ್ಲೂ ಅವು ಉಳಿದಿರಲಿಲ್ಲ. ಅದಾದ ಎರಡೇ ತಿಂಗಳಿಗೆ ಲಲಿತಕ್ಕನಿಗೆ ಗಂಟಲಿನ ಆಪರೇಷನ್ ಆಯಿತು. ಮದುವೆಮನೆಯಲ್ಲಿ ಮೈಕಿಲ್ಲದೆ ಕೇಳಿಸುತ್ತಿದ್ದ ಕಂಠ ಹೋಗಿ, ತೆಳ್ಳನೆಯ ದನಿಯೊಂದು ಉಳಿಯಿತು. ಪದ್ಮಾ ಜಗಳ ಆಡಲಿಲ್ಲ. ‘ಸ್ಟೋರೇಜ್ ಅಂದ್ರೇನು ಅಂತ ನಂಗೆ ಗೊತ್ತಿದ್ದಿದ್ರೆ ಅವತ್ತೇ ಬೇಡ ಅಂತಿದ್ದೆ’ ಎಂದಷ್ಟೇ ಹೇಳಿ ಸೊಪ್ಪು ಬಿಡಿಸಲು ಕೂತಳು. ನಾಲ್ಕು ಮಾತು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಂದು ನಾನು ಅಳಿಸದೆ ಜೋಪಾನವಾಗಿ ಉಳಿಸಿದ್ದು ಏನೆಂದು ನಿಮಗೂ ಹೇಳಿಬಿಡುತ್ತೇನೆ: ನನ್ನ ಗೆಳೆಯರು ನನಗೆ ಕಳಿಸಿ, ನಾನು ಅವಳಿಗೆ ಕಳಿಸಿದ್ದ ಶುಭೋದಯದ ಗುಲಾಬಿ ಹೂಗಳು.

ಅಕ್ಕನಿಗೆ ಉಳಿದಿರುವ ದನಿಯಲ್ಲಾದರೂ ಆ ಹಾಡುಗಳನ್ನು ಹಿಡಿದಿಡಬೇಕು, ಅದಕ್ಕೆ ತನ್ನದೇ ಒಂದು ಹೊಸ ಫೋನು ಬೇಕು ಎಂದು ಪದ್ಮಾ ನಿಶ್ಚಯಿಸಿದಳು. ಜೆ.ಪಿ. ನಗರದ ಅಂಗಡಿಯೊಂದಕ್ಕೆ ಹೋದೆವು. ‘ಜಾಗ ಜಾಸ್ತಿ ಇರೋದು ತೋರ್ಸಿ’ ಎಂದು ಕೇಳಿದ್ದು ಅವಳು. ಅಂಗಡಿಯಾತ ಉತ್ತರ ಕೊಟ್ಟಿದ್ದು ನನಗೆ, ಅದೂ ಸರಸರನೆ ಇಂಗ್ಲಿಷಿನಲ್ಲಿ. ನನಗೆ ಮೂರರಲ್ಲಿ ಒಂದು ಮಾತು ತಿಳಿದಿದ್ದರೆ ಹೆಚ್ಚು. ಆದರೂ ತಲೆ ಮಾತ್ರ ಅಧಿಕಾರಿಯಂತೆ ಆಡಿಸುತ್ತಿದ್ದೆ. ತಿರುಗಿ ನೋಡಿದರೆ ಪದ್ಮಾ ಆಗಲೇ ಫುಟ್‌ಪಾತಿನಲ್ಲಿ ನಿಂತಿದ್ದಳು. ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಹೇಳಿದಳು: ‘ಆ ಪದಗಳನ್ನೆಲ್ಲ ನಂಗೆ ಹೇಳ್ಕೊಡಿ. ಮುಂದಿನ ಸಲ ನಾನೇ ಕೇಳ್ತೀನಿ. ನೀವು ಬಾಯಿ ಬಿಡಬಾರ್ದು.’

ಪ್ರಾಯಶ್ಚಿತ್ತಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಉಂಟೆ? ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಾಠ ಶುರುಮಾಡಿದೆ. ತೊಂದರೆಯೆಂದರೆ, ನನಗೆ ಬರುವ ಇಂಗ್ಲಿಷ್ ಒಂದೇ ಒಂದು, ಅದು ಕಡತದ ಇಂಗ್ಲಿಷ್. ‘ಕೈಂಡ್ಲಿ ಫರ್ನಿಶ್ ದಿ ಪರ್ಟಿಕ್ಯುಲರ್ಸ್ ಆಫ್ ದಿ ಬ್ಯಾಟರಿ ಅಟ್ ದಿ ಅರ್ಲಿಯೆಸ್ಟ್’ ಎಂದು ಬಾಯಿಪಾಠ ಮಾಡಿಸಿದೆ. ಪದ್ಮಾ ಎರಡು ಸಲ ಹೇಳಿ ನಿಲ್ಲಿಸಿದಳು. ‘ರೀ, ನಾನು ಹೋಗ್ತಿರೋದು ಫೋನ್ ತೊಗೊಳ್ಳಕ್ಕೋ, ಖಾತೆ ಬದಲಾಯಿಸಕ್ಕೋ?’ ಎಂದಳು. ವಾಕ್ಯಗಳನ್ನು ಕೈಬಿಟ್ಟು ಬರೀ ಪದಗಳಿಗೆ ಇಳಿದೆವು. ಅದಕ್ಕೂ ನಾನು ಬೆಳಗ್ಗೆ ಬಾತ್‌ರೂಮಿನಲ್ಲಿ ಫೋನು ಹಿಡಿದು ವಿಡಿಯೊ ನೋಡಿ ತಯಾರಾಗಿ ಬರಬೇಕಿತ್ತು. ರ್ಯಾಮ್ ಎಂದರೇನು ಎಂಬುದನ್ನು ಕಾಲು ಗಂಟೆ ವಿವರಿಸಿ ನಾನೇ ಗೋಜಲಾದಾಗ, ಪದ್ಮಾ ಒಗ್ಗರಣೆ ಹಾಕುತ್ತಲೇ ಬಿಡಿಸಿದಳು: ‘ಅಷ್ಟೇನಾ? ರ್ಯಾಮ್ ಅಂದ್ರೆ ಅಡುಗೆ ಕಟ್ಟೆ, ಸ್ಟೋರೇಜ್ ಅಂದ್ರೆ ಡಬ್ಬ ಇಡೋ ಶೆಲ್ಫು. ಕಟ್ಟೆ ಚಿಕ್ಕದಾದ್ರೆ ಕೆಲಸ ನಿಧಾನ, ಶೆಲ್ಫ್ ಚಿಕ್ಕದಾದ್ರೆ ಸಾಮಾನಿಗೆ ಜಾಗ ಇಲ್ಲ.’ ಗುರುವಿಗೂ ಅವತ್ತೇ ಅರ್ಥವಾಯಿತು.

ಬ್ಯಾಕಪ್ ಎಂಬ ಪದ ಬಂದ ದಿನ ಮಾತ್ರ ಕಷ್ಟವಾಯಿತು. ‘ಕಡತದ ಇನ್ನೊಂದು ಪ್ರತಿ ಇದ್ದ ಹಾಗೆ. ಬೇರೆ ಕಡೆ ಇರತ್ತೆ. ಮೂಲ ಹೋದ್ರೂ ಅದು ಉಳಿಯತ್ತೆ’ ಎಂದು ಹುರುಪಿನಲ್ಲಿ ಹೇಳಿಬಿಟ್ಟೆ. ಪದ್ಮಾ ಸೌಟು ಕೆಳಗಿಟ್ಟಳು.

‘ಹಳೇ ಫೋನಲ್ಲೂ ಅದಿತ್ತಾ?’

‘ಇತ್ತು.’

‘ಅಳಿಸೋಕೆ ಮುಂಚೆ ಮಾಡ್ಬೋದಿತ್ತಾ?’

ಗೇಟಿನ ಹತ್ತಿರ ಯಾರೋ ಕರೆದಂತಾಯಿತು ಎಂದು ನಾನು ಎದ್ದು ಹೋದೆ. ಗೇಟಿನ ಹತ್ತಿರ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತು ತುಳಸಿಗೆ ನೀರು ಹಾಕಿದೆ. ಅದಕ್ಕೆ ಬೆಳಗ್ಗೆಯೇ ಒಮ್ಮೆ ನೀರಾಗಿತ್ತು.

ಮುಂದಿನ ವಾರ, ರಾಹುಕಾಲ ಕಳೆದದ್ದನ್ನು ಖಾತ್ರಿ ಮಾಡಿಕೊಂಡು ಅದೇ ಅಂಗಡಿಗೆ ಹೋದೆವು. ನಾನು ಮೂಲೆಯ ಸ್ಟೂಲಿನಲ್ಲಿ ಕೂತೆ. ಈ ಸಲ ಕೌಂಟರಿನಲ್ಲಿದ್ದದ್ದು ಗೊಟ್ಟಿಗೆರೆಯ ಹೆಣ್ಣುಮಗಳೊಬ್ಬಳು, ಎರಡು ಮಕ್ಕಳ ತಾಯಿಯಂತೆ. ಪದ್ಮಾ ಸೆರಗು ಸರಿಮಾಡಿಕೊಂಡು ಕೇಳತೊಡಗಿದಳು: ‘ಇದ್ರಲ್ಲಿ ಸ್ಟೋರೇಜ್ ಎಷ್ಟಮ್ಮಾ? ಅದ್ರಲ್ಲಿ ಫೋನ್ ತಾನೇ ಎಷ್ಟು ತಿನ್ನತ್ತೆ? ಬ್ಯಾಕಪ್ ತಾನಾಗೇ ಆಗತ್ತಾ, ನಾನು ಒತ್ಬೇಕಾ? ಮೈಕ್ ಟೆಸ್ಟ್ ಮಾಡ್ಬೋದಾ?’ ಆಕೆ ಖುಷಿಯಿಂದ ಒಂದೊಂದಕ್ಕೂ ಉತ್ತರ ಕೊಟ್ಟಳು. ಇನ್ನೂ ದೊಡ್ಡ ಸ್ಟೋರೇಜಿನದೊಂದನ್ನು ತೆಗೆದಾಗ, ಮದುವೆಯಾದಾಗಿನಿಂದ ಎಲ್ಲ ಅಂಗಡಿಗಳಲ್ಲೂ ಹೇಳಿ ರೂಢಿಯಾದ ಮಾತು ನನ್ನ ಬಾಯಿಂದ ಜಾರಿತು: ‘ಅವಳಿಗೆ ಅಷ್ಟೆಲ್ಲ ಬೇಕಾಗಲ್ಲ.’

ಪದ್ಮಾ ನನ್ನ ಕಡೆ ತಿರುಗಲೂ ಇಲ್ಲ. ‘ದೊಡ್ಡದೇ ಕೊಡಿ. ನಂಗೊತ್ತಿಲ್ದೆ ಯಾರಾದ್ರೂ ಇದ್ರಲ್ಲಿರೋದನ್ನ ಡಿಲೀಟ್ ಮಾಡೋಕಾಗತ್ತಾ?’ ಎಂದಳು.

‘ಲಾಕ್ ಹಾಕ್ಕೊಡ್ತೀನಿ ಆಂಟಿ. ಮನೇಲಿ ಚಿಕ್ ಮಕ್ಳಿದಾರಾ?’

‘ಇಲ್ಲಮ್ಮ. ದೊಡ್ಡೋರೇ ಒಬ್ರಿದಾರೆ.’

ಆಕೆ ನನ್ನನ್ನು ನೋಡಿದಳು. ನಾನು ಗೋಡೆಯ ಮೇಲಿದ್ದ ಫೋನ್ ಕವರುಗಳನ್ನು ಬಹಳ ಆಸಕ್ತಿಯಿಂದ ನೋಡಿದೆ. ಆದರೆ ಒಳಗೊಳಗೇ, ಆ ಸ್ಟೂಲಿನ ಮೇಲೆ, ನನಗೆ ಹೆಮ್ಮೆಯಾಗುತ್ತಿತ್ತು. ಅವಳು ಇಷ್ಟು ಚೆನ್ನಾಗಿ ಕೇಳಬಲ್ಲಳು ಎಂದು ತಿಳಿಯಲು ನಾನು ಇಷ್ಟು ವರ್ಷ ಬಾಯಿ ಮುಚ್ಚಿರಬೇಕಿತ್ತು, ಅಷ್ಟೆ.

ಆ ಭಾನುವಾರ ಲಲಿತಕ್ಕ ಮಂಡ್ಯದಿಂದ ಬಂದರು. ‘ಈ ಒಡಕು ದನಿ ಇಟ್ಕೊಂಡು ಏನ್ ಮಾಡ್ತೀಯೇ ಪದ್ಮಾ?’ ಎಂದು ಮೊದಲು ಸಂಕೋಚಪಟ್ಟರು. ‘ಹಾಡು ಅಮ್ಮಂದು, ದನಿ ನಿಂದು, ನಂಗೆ ಅಷ್ಟು ಸಾಕು’ ಎಂದು ಪದ್ಮಾ ಫೋನನ್ನು ಮಡಿಸಿದ ಟವೆಲ್ಲಿನ ಮೇಲೆ ಇಟ್ಟಳು. ಲಲಿತಕ್ಕ ಕಣ್ಣು ಮುಚ್ಚಿ ಹಾಡಿದರು. ದನಿ ಅಲ್ಲಲ್ಲಿ ಕೈಕೊಡುತ್ತಿತ್ತು, ಅಲ್ಲೆಲ್ಲ ಪದ್ಮಾ ಮೆಲ್ಲಗೆ ಸೇರಿಕೊಳ್ಳುತ್ತಿದ್ದಳು. ಅಡುಗೆಮನೆಯಲ್ಲಿ ಮೂವರಿಗೂ ಕಾಫಿ ಮಾಡುತ್ತಿದ್ದ ನಾನು ಕೇಳುತ್ತ ಕೇಳುತ್ತ ಮೈಮರೆತು, ಮೂರನೆಯ ಹಾಡಿನ ನಡುವೆ ಗಟ್ಟಿಯಾಗಿ ಕೂಗಿಬಿಟ್ಟೆ: ‘ಪದ್ಮಾ, ಸಕ್ಕರೆ ಡಬ್ಬ ಎಲ್ಲಿಟ್ಟಿದೀಯ?’

ಹಾಡು ಮುಗಿದ ಮೇಲೆ ಹಾಕಿ ಕೇಳಿದರೆ, ನನ್ನ ಕೂಗೂ ಸ್ಪಷ್ಟವಾಗಿ ಇತ್ತು. ಮೈಕು ನಿಜಕ್ಕೂ ಒಳ್ಳೆಯದು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ‘ಇನ್ನೊಂದ್ಸಲ ಹಾಡ್ಲಿ. ಇದನ್ನ ಡಿಲೀಟ್ ಮಾಡ್ಬಿಡು’ ಎಂದೆ.

‘ಇರ್ಲಿ ಬಿಡಿ’ ಎಂದಳು ಪದ್ಮಾ. ‘ಜಾಗ ಬೇಕಾದಷ್ಟಿದೆ.’

ಈಗ ಸಂಜೆ ದೀಪ ಹಚ್ಚಿದ ಮೇಲೆ ಅವಳು ಆ ಹಾಡುಗಳನ್ನು ಹಾಕಿಕೊಂಡು ಕಲಿಯುತ್ತಾಳೆ. ನಾನೂ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಸಂಗೀತದ ಮರ್ಮ ಬಲ್ಲವನಂತೆ ತೊಡೆಯ ಮೇಲೆ ತಾಳ ಹಾಕುತ್ತ ಕೂರುತ್ತೇನೆ. ನೋಡಿದವರು ರಸಿಕ ಎಂದುಕೊಂಡಾರು. ನಿಜ ಹೇಳಬೇಕೆಂದರೆ, ನಾನು ಕಾಯುತ್ತಿರುವುದು ಮೂರನೆಯ ಹಾಡಿನ ನಡುವೆ ಬರುವ ಆ ಸಕ್ಕರೆ ಡಬ್ಬಕ್ಕೆ.