ತೆರೆದ ಬಳಗಕ್ಕೆ ಕರೆಯದೆ ಬಂದ ಇಮೇಲುಗಳು

ನಮ್ಮ ಇಮೇಲ್ ಬಳಗಕ್ಕೆ ಜಾಹೀರಾತಿನ ಕಸ ಬಾರದ ದಿನ ಅಂತ ಒಂದಿದ್ದರೆ ಅದು ಬಳ್ಳಾರಿಯಲ್ಲಿ ಇಡೀ ದಿನ ಕರೆಂಟು ಹೋದ ದಿನ. ಅದೂ ಸುಳ್ಳೇ. ಆವತ್ತಿನ ಕಸ ಎಲ್ಲೋ ಕಾದು ಕೂತಿದ್ದು, ಕರೆಂಟು ಬಂದ ಕೂಡಲೇ ಮರುದಿನದ ಕಸದ ಕೈ ಹಿಡಿದುಕೊಂಡು ಬರುತ್ತದೆ.

ಬಳಗ ಅಂದರೆ ದೊಡ್ಡದೇನಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬಳಸುವ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮಂದಿ ಸೇರಿ ಮಾಡಿಕೊಂಡ ಒಂದು ಇಮೇಲ್ ವಿಳಾಸ. ಅದಕ್ಕೆ ಪತ್ರ ಹಾಕಿದರೆ ಸದಸ್ಯರೆಲ್ಲರಿಗೂ ಹೋಗುತ್ತದೆ. ಸದಸ್ಯರಲ್ಲದವರೂ ಬರೆಯಬಹುದು. ಕಂಟೋನ್ಮೆಂಟಿನ ಕಡೆ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ನಾನು ಇದರ ಉಸ್ತುವಾರಿ. ಸಂಬಳವಿಲ್ಲ, ಬೈಗುಳ ಮಾತ್ರ ತಪ್ಪದೆ ಬರುತ್ತದೆ.

"ಎಲ್ಲಾರಿಗೂ ಯಾಕ ಬಾಗಲಾ ತೆಗದಿಡ್ತೀರಿ? ಮುಚ್ಚಿಬಿಡ್ರಿ" ಅನ್ನುವವರು ಬಹಳ. ಒಮ್ಮೆ ಸಿರುಗುಪ್ಪದ ಕಡೆಯ ಶಾಲೆಯೊಂದರ ಕ್ಲಾರ್ಕ್ ಅಮ್ಮ, ಪ್ರಶ್ನೆಪತ್ರಿಕೆ ಮುದ್ರಣಕ್ಕೆ ಕೊಡಬೇಕಾದ ಬೆಳಿಗ್ಗೆ, ಅಕ್ಷರಗಳೆಲ್ಲ ಚೌಕ ಚೌಕವಾಗಿ ಕಾಣುತ್ತಿವೆ ಎಂದು ಬರೆದರು. ಬಳಗವೆಂದರೇನೆಂದು ಆಕೆಗೆ ಗೊತ್ತಿರಲಿಲ್ಲ, ಯಾರೋ ವಿಳಾಸ ಕೊಟ್ಟಿದ್ದರು. ಆಕೆ ಚಹಾ ಕುಡಿದು ಬರುವಷ್ಟರಲ್ಲಿ ಯಾರೋ ಪರಿಹಾರ ಬರೆದಿದ್ದರು. ಅಂಥವರಿಗೆ "ಮೊದಲು ಸದಸ್ಯರಾಗಿ, ನಂತರ ಗೋಳು ಹೇಳಿಕೊಳ್ಳಿ" ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಬಾಗಿಲು ತೆರೆದೇ ಇರಬೇಕೆಂಬುದು ನನ್ನ ಹಟ. ಅದೇ ಬಾಗಿಲಿನಿಂದ ಲೋಕದ ಹರಾಮಿಗಳೆಲ್ಲ ಒಳಗೆ ನುಗ್ಗುತ್ತಾರೆ ಎಂಬುದು ನನ್ನ ಹೊಟ್ಟೆಯುರಿ.

೧. ತಲೆಯ ವಿಚಾರ

ಒಂದು ದಿನ ಬಳಗಕ್ಕೆ ಕೂದಲೆಣ್ಣೆಯ ಜಾಹೀರಾತು ಬಂತು. "ಪ್ರಿಯ ಮಿತ್ರರೇ, ತಲೆ ಬೋಳಾಯಿತೆಂದು ಮುಚ್ಚಿಟ್ಟುಕೊಂಡು ತಿರುಗುತ್ತಿದ್ದೀರಾ?" ಎಂಬುದು ಮೊದಲ ಸಾಲು. ನಾನು ಹಲ್ಲು ಕಡಿಯುತ್ತ ಅಳಿಸುತ್ತಿದ್ದಾಗ ಫೋನು ಬಡಿದುಕೊಂಡಿತು. ಸತ್ಯನಾರಾಯಣಪೇಟೆಯಲ್ಲಿ ಮದುವೆ ಕಾರ್ಡು ಮುದ್ರಿಸುವ ಪ್ರೆಸ್ಸಿನ ಸಾಹೇಬರು. ನಮ್ಮ ಹಳೆಯ ಸದಸ್ಯರು.

"ಸಾರ್, ನನ್ನ ಮರ್ಯಾದಿ ತೆಗದ್ರಿ ನೀವು."

"ಏನಾತ್ರಿ ಸಾಹೇಬ್ರ?"

"ನನ್ನ ಟೊಪ್ಪಿಗಿ ಒಳಗ ಏನೈತಿ ಅಂತ ನಿಮ್ಮನ್ನ ಬಿಟ್ರ ಹೊರಗಿನವ್ರಿಗೆ ಯಾರಿಗೂ ಗೊತ್ತಿಲ್ಲ. ಆ ಎಣ್ಣಿ ಮಾರವ್ರಿಗೆ ಯಾಕ ಹೇಳಿದ್ರಿ?"

ಎಣ್ಣೆಯವನು ಎದುರಿಗಿದ್ದರೆ ಅವನ ಕೂದಲೇ ಕಿತ್ತು ಕೈಗೆ ಕೊಡುತ್ತಿದ್ದೆ. ಸಿಟ್ಟು ನುಂಗಿಕೊಂಡು ಸಮಾಧಾನ ಹೇಳಿದೆ. "ಸಾಹೇಬ್ರ, ಅದು ನಿಮಗೊಬ್ರಿಗೇ ಬಂದಿದ್ದಲ್ರಿ. ಬಳಗದಾಗ ಇದ್ದವ್ರಿಗೆಲ್ಲಾ ಹೋಗೇತಿ."

ಸಾಹೇಬರು ಆ ಕಡೆ ಪ್ರಿಂಟಿಂಗ್ ಮಷೀನು ನಿಲ್ಲಿಸಿದರು.

"ಎಲ್ಲಾರಿಗೂ ಹೋಗೇತಾ? ಯಾ ಅಲ್ಲಾ! ಹಂಗಾದ್ರ ಊರಿಗೆಲ್ಲಾ ಗೊತ್ತಾತಲ್ರೀ!"

೨. ಒಗ್ಗರಣೆ

ಇದಾದ ಮೇಲೆ ರೋಸಿಹೋಗಿ ಒಂದು ಜರಡಿ ಇಟ್ಟೆ. ಅಂದರೆ, ಕೆಲವು ಶಬ್ದಗಳಿರುವ ಪತ್ರಗಳು ನೇರವಾಗಿ ಸದಸ್ಯರಿಗೆ ಹೋಗದೆ ಹೊರಗೇ ನಿಲ್ಲುವಂತೆ ಕಂಪ್ಯೂಟರಿಗೆ ಹೇಳಿದೆ. ಮೊದಲ ಶಬ್ದ "ಉಚಿತ". ಉಚಿತ ಎಂದು ಬರೆಯುವವನು ಪುಗಸಟ್ಟೆ ಏನನ್ನೂ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ.

ಆ ಭಾನುವಾರ ಕುರುಗೋಡಿನ ಮೇಷ್ಟ್ರೊಬ್ಬರು ತಮ್ಮ ಶಾಲೆಯಲ್ಲಿ ಕನ್ನಡ ಟೈಪಿಂಗ್ ತರಬೇತಿ ಇಟ್ಟಿದ್ದರು. ನನಗೆ ಫೋನಿನಲ್ಲಿ ಹೇಳಿದ್ದರು, ಉಳಿದವರಿಗೆ ಬಳಗದಲ್ಲಿ ಪತ್ರ ಹಾಕಿದ್ದರು. ಹೋಗಿ ನೋಡುತ್ತೇನೆ, ಶಾಲೆಯ ವರಾಂಡದಲ್ಲಿ ಮೇಷ್ಟ್ರೊಬ್ಬರೇ. ಪಕ್ಕದಲ್ಲಿ ದೊಡ್ಡ ಡಬರಿ ತುಂಬ ಮಂಡಕ್ಕಿ ಒಗ್ಗರಣೆ, ಬುಟ್ಟಿ ತುಂಬ ಮಿರ್ಚಿ.

"ಒಬ್ರೂ ಬರಲಿಲ್ಲಲ್ರೀ" ಅಂದರು ಮೇಷ್ಟ್ರು.

ನನಗೆ ತಡೆಯಲಾಗಲಿಲ್ಲ. ಕನ್ನಡದ ಹೆಸರಿನಲ್ಲಿ ಎದೆ ಬಡಿದುಕೊಳ್ಳುವ ಈ ಮಂದಿಗೆ ಭಾನುವಾರ ಒಂದು ಬಸ್ಸು ಹತ್ತಿ ಬರಲು ಆಗುವುದಿಲ್ಲವೇ ಎಂದು ವರಾಂಡ ನಡುಗುವ ಹಾಗೆ ಕೂಗಾಡಿದೆ. ಮೇಷ್ಟ್ರು ತಮ್ಮ ಪತ್ರವನ್ನು ಮೊಬೈಲಿನಲ್ಲಿ ತೋರಿಸಿದರು. ತಲೆಬರಹ: "ಉಚಿತ ತರಬೇತಿ, ಉಚಿತ ಉಪಾಹಾರ". ಪತ್ರ ಹೊರಗೇ ನಿಂತಿತ್ತು. ಅದೇ ದಿನ "ವಿಶೇಷ ರಿಯಾಯಿತಿ" ಎಂದು ಶುರುವಾದ ಕೂದಲೆಣ್ಣೆ ಮಾತ್ರ ರಾಜಮರ್ಯಾದೆಯಿಂದ ಎಲ್ಲರ ಮನೆ ಸೇರಿತ್ತು.

ಮೇಷ್ಟ್ರು ನನ್ನ ಮುಂದೆ ಇಡೀ ಬುಟ್ಟಿ ಸರಿಸಿದರು. "ಎಲ್ಲಾರ್ನೂ ಹೊರಗ ನಿಲ್ಲಿಸಿದವ್ರು ನೀವ ಅಲ್ಲೇನ್ರಿ? ಅವ್ರ ಪಾಲಿಂದೂ ನೀವ ತಿನ್ರಿ."

೩. ಬಾಗಿಲಲ್ಲಿ ಒಂದು ಪ್ರಶ್ನೆ

ಜರಡಿ ಕಿತ್ತೊಗೆದೆ. ಸದಸ್ಯರಲ್ಲದವರು ಬರೆದರೆ ಮೊದಲು ಒಂದು ಸುಲಭ ಪ್ರಶ್ನೆ ಹೋಗಬೇಕು, ಉತ್ತರ ಸರಿಯಾಗಿದ್ದರೆ ಪತ್ರ ಒಳಗೆ ಬರಬೇಕು. ಈ ಹೊಸ ಉಪಾಯ ನನಗೆ ಬಹಳ ಹಿಡಿಸಿತು. ನಮ್ಮೂರಿನವರಿಗೆ ಮಾತ್ರ ಗೊತ್ತಿರಲಿ ಎಂದು ಹೀಗೆ ಕೇಳಿದೆ: "ಸಿರುಗುಪ್ಪದ ಕಾಲುವೆ ನೀರಿಗೆ ಮುಖ್ಯವಾಗಿ ಬೆಳೆಯುವ ಬೆಳೆ ಯಾವುದು?"

ಭತ್ತ. ಅಷ್ಟೇ. ಹೊಲದ ಮುಖ ನೋಡದವನೂ ಹೇಳುತ್ತಾನೆ.

ಹೊಸದಾಗಿ ಬರೆದ ನಮ್ಮ ಕಡೆಯ ರೈತರು ಹೇಳಲಿಲ್ಲ. ಒಬ್ಬರು "ಯಾವ ಹಂಗಾಮಿಗೆ?" ಎಂದು ತಿರುಗಿ ಕೇಳಿದರು. ಇನ್ನೊಬ್ಬರು "ಭತ್ತ ಅಂತ ಅನ್ನಬಹುದು, ಆದ್ರ ಕಾಲುವಿ ಕಡೀ ಹೊಲದವ್ರಿಗೆ ನೀರು ಎಲ್ಲಿ ಮುಟ್ತೈತ್ರಿ? ಮೊದಲು ಅದನ್ನ ಕೇಳ್ರಿ" ಎಂದು ಒಂದು ಪುಟ ಬರೆದರು. ಮೂರನೆಯವರು ತಾವು ಈ ಸಲ ಮೆಣಸಿನಕಾಯಿ ಹಾಕಿರುವುದರಿಂದ ಸುಳ್ಳು ಉತ್ತರ ಬರೆಯಲು ಮನಸ್ಸಾಗದು ಎಂದರು. ಕಂಪ್ಯೂಟರು ಮೂವರನ್ನೂ ಹೊರಗೆ ದಬ್ಬಿತು.

ಎಲ್ಲಿಯದೋ ದೇಶದಿಂದ ಗುಳಿಗೆಯ ಜಾಹೀರಾತನ್ನು ತಾನಾಗಿಯೇ ಕಳಿಸುವ ಮಷೀನೊಂದು "ಭತ್ತ" ಎಂದು ಒಂದೇ ಶಬ್ದ ಬರೆದು ಒಳಗೆ ಬಂತು. ಮೈಯೆಲ್ಲ ಉರಿದುಹೋಯಿತು. ನಮ್ಮ ಅನ್ನ ಬೆಳೆಯುವವರು ಬಾಗಿಲ ಹೊರಗೆ, ಅನ್ನವನ್ನೇ ತಿನ್ನದ ಮಷೀನು ಒಳಗೆ!

೪. ಕ್ಷೇಮ ಸಮಾಚಾರ

ಆ ಪ್ರಶ್ನೆಯನ್ನೂ ತೆಗೆದುಹಾಕಿದ ಮೇಲೆ, ಕೊನೆಗೆ ಬಂದವರು ಅಕ್ಕಿ ಪಾಲಿಶ್ ಮಾಡುವ ಮಷೀನು ಮಾರುವ ಪರದೇಶದ ಮೇಡಂ. ದಿನಾ ಬೆಳಿಗ್ಗೆ ಇಂಗ್ಲಿಷಿನಲ್ಲಿ ಅದೇ ಪತ್ರ: ಪ್ರಿಯ ಮಿತ್ರರೇ, ಹೇಗಿದ್ದೀರಿ? ನಿಮ್ಮ ಕುಟುಂಬ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮಷೀನು ಉತ್ತಮವಾಗಿದೆ. ಒಂದು ವಿಳಾಸ ತಡೆದರೆ ಇನ್ನೊಂದರಿಂದ ಬರುತ್ತಿತ್ತು.

ಸದಸ್ಯರು ಒಬ್ಬೊಬ್ಬರಾಗಿ ಬಿಟ್ಟುಹೋಗತೊಡಗಿದರು. "ಭಾನುವಾರ ಕೂತು ಮಾತಾಡೋಣ, ಸೋಮವಾರ ಹೊರಗಿನವರಿಗೆ ಬಾಗಿಲು ಹಾಕೋಣ" ಎಂದು ಕುರುಗೋಡಿನ ಮೇಷ್ಟ್ರು ಬರೆದರು. ಬಹುತೇಕರು ಹ್ಞೂಂ ಅಂದರು. ಇನ್ನು ಮೇಲೆ ಯಾರಿಗಾದರೂ ಅಕ್ಷರ ಚೌಕವಾದರೆ ಅವರು ಯಾರ ಮನೆ ಕದ ತಟ್ಟಬೇಕು? ನನಗೆ ಕಣ್ಣಲ್ಲಿ ನೀರು ಬರುವಷ್ಟು ಸಂಕಟವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಇಷ್ಟು ಸಾಲದೆಂದು ಸಿರುಗುಪ್ಪದ ರೈಸ್ ಮಿಲ್ಲಿನ ಹಿರಿಯ ಗುಮಾಸ್ತರು ಆ ಮೇಡಂಗೆ ಉತ್ತರ ಬರೆಯಲು ಶುರುಮಾಡಿದರು. ಕನ್ನಡದಲ್ಲಿ ಬರೆದು, ಮೊಬೈಲಿನಿಂದ ಇಂಗ್ಲಿಷು ಮಾಡಿಸಿ, ಇಡೀ ಬಳಗಕ್ಕೂ ಆಕೆಗೂ ಸೇರಿಸಿ ಕಳಿಸುತ್ತಿದ್ದರು: ನಾವೆಲ್ಲ ಕ್ಷೇಮ. ನೀವು ಕ್ಷೇಮವೇ? ತಂದೆ ತಾಯಿ ಆರಾಮ ಇದ್ದಾರೆಯೇ? ನಿಮ್ಮ ಕಡೆ ಮಳೆ ಹೇಗೆ? ಮಷೀನು ಬೇಡ, ನಮ್ಮ ಮಿಲ್ಲಿನಲ್ಲಿ ಇದೆ.

ಫೋನು ಮಾಡಿ ಕೂಗಾಡಿದೆ. "ಅಣ್ಣಾರ, ಅದು ಕಸರೀ! ಕಸಕ್ಕ ಯಾರರ ಉತ್ರ ಕೊಡ್ತಾರೇನ್ರಿ?"

"ಹೆಣ್ಣುಮಗಳು ದಿನಾ ಮನಿ ಮಂದೀನ ವಿಚಾರಿಸ್ತಾಳ. ಬಾಯಿ ಮುಚ್ಕೊಂಡು ಕುಂತ್ರ ನಮ್ಮ ಸಿರುಗುಪ್ಪದವ್ರಿಗೆ ಏನಂದಾರು?"

"ಉತ್ತರ ಕೊಡಬೇಡಿ" ಎಂದು ಮೇಷ್ಟ್ರು ಅದೇ ಪತ್ರಕ್ಕೆ ಮರುಪತ್ರ ಬರೆದರು, ಅದೂ ಆಕೆಗೆ ಹೋಯಿತು. "ಹಿರಿಯರಿಗೆ ಹೀಗೆ ಹೇಳಬಾರದು" ಎಂದು ಇನ್ನೊಬ್ಬರು, ಅದೂ ಹೋಯಿತು. ಪ್ರೆಸ್ಸಿನ ಸಾಹೇಬರು, ಆಕೆಗೆ ಮದುವೆ ಗೊತ್ತಾಗಿದ್ದರೆ ಇರಲಿ ಎಂದು ತಮ್ಮ ಕಾರ್ಡುಗಳ ಮಾದರಿಗಳನ್ನೆಲ್ಲ ಲಗತ್ತಿಸಿ ಕಳಿಸಿದರು. ಬಾಗಿಲು ಹಾಕಬೇಕೋ ಬೇಡವೋ ಎಂಬ ಇಡೀ ವಾರದ ಜಗಳವನ್ನೂ ಆಕೆ ಕುಳಿತಲ್ಲಿಯೇ ಪಡೆದಳು.

ಭಾನುವಾರ ಬಳ್ಳಾರಿಯ ಒಂದು ಹೋಟೆಲಿನಲ್ಲಿ ಸೇರಿದೆವು. ಬಾಗಿಲು ಹಾಕಲು ಕೈ ಎತ್ತುವ ಮೊದಲು, ಆ ಬೆಳಿಗ್ಗೆ ಬಂದ ಆಕೆಯ ಪತ್ರವನ್ನು ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳಿದೆ. ಈ ಸಲ ಅದರಲ್ಲಿ ಮಷೀನೂ ಇಲ್ಲ, ಕ್ಷೇಮವೂ ಇಲ್ಲ.

"ದಯವಿಟ್ಟು ನನ್ನ ವಿಳಾಸವನ್ನು ನಿಮ್ಮ ಬಳಗದಿಂದ ತೆಗೆಯಿರಿ. ದಿನವೂ ನಿಮ್ಮ ಪತ್ರಗಳಿಂದ ನನ್ನ ಪೆಟ್ಟಿಗೆ ತುಂಬಿಹೋಗುತ್ತಿದೆ. ಕೆಲಸ ಮಾಡಲಾಗುತ್ತಿಲ್ಲ. ಪರಿಚಯವಿಲ್ಲದವರಿಗೆ ಹೀಗೆ ಬರೆಯುವುದು ಸಭ್ಯತೆಯಲ್ಲ. ಇನ್ನೆಂದೂ ನಿಮ್ಮ ಬಳಗಕ್ಕೆ ಬರೆಯುವುದಿಲ್ಲ."

ಹೋಟೆಲಿನ ಮಾಣಿ ಓಡಿ ಬಂದು ನೋಡುವ ಹಾಗೆ ನಕ್ಕೆವು. ನನಗೆ ಮಾತ್ರ ನಗುವಿನ ನಡುವೆಯೂ ಮೈ ಉರಿಯಿತು. ಸಭ್ಯತೆ ಅಂತೆ! ಮೇಷ್ಟ್ರು ಎತ್ತಬೇಕಿದ್ದ ಕೈಯಿಂದ ಮಿರ್ಚಿ ಎತ್ತಿಕೊಂಡರು. ಬಾಗಿಲು ಹಾಕುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಗುಮಾಸ್ತರೊಬ್ಬರೇ ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟು, ಬಹಳ ನೊಂದುಕೊಂಡು ಹೇಳಿದರು:

"ಪಾಪ, ಹುಡುಗಿ ಮನಸ್ಸಿಗೆ ಹಚ್ಕೊಂಡಾಳ. ಹಿಂಗ ಬಿಡೋದು ಚಲೋ ಅಲ್ಲ. ತಪ್ಪಾತು ಅಂತ ಪತ್ರ ಹಾಕೋಣ್ರಿ, ಎಲ್ಲಾರೂ ಒಂದೊಂದು."